ತುಂಬಿಸಿಟ್ಟ ನೀರು

ನೀರು ತುಂಬಿಸಿದ್ದು ನಾನೇ. ನಂಜುಂಡೇಶ್ವರನ ಮುಂದೆ ನಿಲ್ಲಿಸಿ ಕೇಳಿದರೂ ಇದೇ ಮಾತು ಹೇಳ್ತೀನಿ. ಬೀದಿ ನಲ್ಲಿಯಿಂದ ಬಿಂದಿಗೆ ಬಿಂದಿಗೆ ಹೊತ್ತು, ಪಂಚೆ ಬಟ್ಟೆಯಲ್ಲಿ ಸೋಸಿ, ಗಾಡಿ ಟ್ಯಾಂಕು ತುಂಬಿಸಿ, ಮುಚ್ಚಳ ಬಿಗಿಮಾಡಿ ಬಂದವಳು ನಾನು. ಆದರೂ ನಮ್ಮನೇಲಿ ಸುಳ್ಳಿ ಅನ್ನಿಸಿಕೊಂಡಿದ್ದೂ ನಾನೇ. ಅದು ಹೇಗಾಯ್ತು ಅಂತ ಹೇಳ್ತೀನಿ ಕೇಳಿ.

ನಮ್ಮದು ಕಳಲೆ ಹತ್ತಿರದ ಊರು. ನನ್ನ ಗಂಡ ಶಿವಸ್ವಾಮಿ, ನಾನು ಶಿವು ಅಂತೀನಿ, ನಂಜನಗೂಡಿನಲ್ಲಿ ಫ್ಯಾಕ್ಟರಿ ಬಸ್ಸು ಓಡಿಸ್ತಿದ್ದವನು. ಹೋದ ವರ್ಷ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡು, ಸೀಟೆಲ್ಲ ಕಿತ್ತಾಕಿ, ಮೈಸೂರಿನಲ್ಲಿ ಅದರೊಳಗೆ ಎರಡು ಮಂಚ, ಒಂದು ಒಲೆ, ಪಾತ್ರೆ ತೊಳೆಯೋ ತೊಟ್ಟಿ, ಬೀರುವಿನಷ್ಟು ಅಗಲದ ಬಚ್ಚಲು, ಅದರೊಳಗೇ ಕಕ್ಕಸು ಎಲ್ಲ ಮಾಡಿಸಿದ. ಇದಕ್ಕೆ ಕ್ಯಾಂಪರ್ ಅಂತಾರಂತೆ. ಬೇರೆ ಊರಿಂದ ಬರೋ ಸಂಸಾರಗಳನ್ನ ಹತ್ತಿಸಿಕೊಂಡು ಸೋಮನಾಥಪುರ, ತಲಕಾಡು, ಬಿಳಿಗಿರಿರಂಗನ ಬೆಟ್ಟ ಅಂತ ಎರಡು ಮೂರು ದಿನ ಸುತ್ತಿಸಿಕೊಂಡು ಬರ್ತಾನೆ. ಊಟ, ನಿದ್ದೆ, ಸ್ನಾನ ಎಲ್ಲ ಗಾಡಿಯಲ್ಲೇ.

ನಮ್ಮ ಮಾವ ಚಿಕ್ಕಸ್ವಾಮಿಯವರಿಗೆ ಮಾತ್ರ ಅದನ್ನ ಕಂಡರೆ ಆಗಲ್ಲ. "ಎಲ್ಲಾರ ಮನೇಲೂ ಕಕ್ಕಸು ಇತ್ಲಲ್ಲಿ ಇರ್ತದೆ, ನನ್ ಮಗ ಮನೆ ಮುಂದ್ಕೆ ತಂದು ನಿಲ್ಸವ್ನೆ" ಅಂತ ಹಾಲಿನ ಡೈರಿಯಲ್ಲಿ ಹೇಳಿಕೊಂಡು ನಗಿಸ್ತಾರೆ.

ಟ್ಯಾಂಕಿರೋದು ಮಂಚದ ಕೆಳಗೆ. ಅದರ ಬಾಯಿ ಗಾಡಿಯ ಹೊರಮೈಯಲ್ಲಿ, ನನ್ನ ಎದೆಗಿಂತ ಮೇಲೆ. ನಮ್ಮ ಬೋರಿನ ನೀರು ಗಡಸು. ಒಂದು ಸಲ ಅದನ್ನ ತುಂಬಿಸಿ, ಒಳಗಿನ ಪುಟ್ಟ ಮೋಟಾರಿಗೆ ಸುಣ್ಣ ಕಟ್ಟಿ ಕೆಟ್ಟೇಹೋಯ್ತು. ಅದಕ್ಕೇ ಕಬಿನಿ ನೀರೇ ಆಗಬೇಕು. ಬೀದಿ ನಲ್ಲಿಯಲ್ಲಿ ಅದು ದಾರದ ಎಳೆ ಹಾಗೆ ಬರುತ್ತೆ, ಪೈಪು ಹಾಕಿದರೆ ಮೇಲಕ್ಕೆ ಹತ್ತಲ್ಲ. ಹಾಗಾಗಿ ನಾನು ಬಿಂದಿಗೆಯಲ್ಲಿ ಹೊತ್ತು ತಂದು, ಸ್ಟೂಲ್ ಮೇಲೆ ನಿಂತು, ಲಾಳಿಕೆಗೆ ಮಾವನ ಹಳೇ ಪಂಚೆ ತುಂಡು ಕಟ್ಟಿ ಸುರೀತೀನಿ. ತುಂಬಿದರೆ ಗಾಡಿಯೊಳಗೆ ನಾಲ್ಕು ಹಸಿರು ಲೈಟು ಹತ್ತುತ್ತೆ. ಖಾಲಿಯಾದರೆ ಒಂದೂ ಇಲ್ಲ.

ಶಿವು ಆ ಲೈಟು ಯಾವತ್ತೂ ನೋಡ್ತಿರಲಿಲ್ಲ. ಹೊರಡೋವಾಗ "ನೀರು?" ಅನ್ನೋನು. "ತುಂಬಿದೆ" ಅನ್ನೋಳು ನಾನು. ಅಷ್ಟೇ, ಗಾಡಿ ಸ್ಟಾರ್ಟ್ ಮಾಡೋನು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವನು ನನಗೆ ಕೊಡಿಸಿದ ಸೀರೆಗಿಂತ ನನಗೆ ಅದೇ ದೊಡ್ಡದಾಗಿತ್ತು.

ಆವತ್ತು ಧಾರವಾಡದ ಕಡೆಯ ಮೇಷ್ಟ್ರ ಸಂಸಾರ. ಹಿಂದಿನ ಸಂಜೆಯೇ ತುಂಬಿಸಿ, ಒಳಗೆ ಹತ್ತಿ ನಾಲ್ಕೂ ಲೈಟು ನೋಡಿ ಇಳಿದಿದ್ದೆ. ಬೆಳಗ್ಗೆ ನಾನು ಉಪ್ಪಿಟ್ಟು ಕೆದಕ್ತಾ ಇದ್ದೆ, ಶಿವು ತಟ್ಟೆ ತೊಳೆದಿಟ್ಟು "ನೀರು?" ಅಂದ, "ತುಂಬಿದೆ" ಅಂದೆ, ಹೋದ. ಮಧ್ಯಾಹ್ನ ಫೋನು.

"ವಾಣಿ, ಟ್ಯಾಂಕಲ್ಲಿ ಒಂದು ಹನಿ ನೀರಿಲ್ಲ!"

"ಏನು ಹೇಳ್ತಿದ್ದೀಯ?"

"ಸಂಗಮದ ಹತ್ರ ಇದ್ದೀವಿ. ಹೊಳೇಲಿ ಮಿಂದು ಬಂದು ಮೇಷ್ಟ್ರ ಹೆಂಡ್ತಿ ತಲೆಗೆ ಸೋಪು ಹಾಕ್ಕೊಂಡು ಬಚ್ಚಲಲ್ಲಿ ನಿಂತವ್ರೆ. ನಲ್ಲೀಲಿ ಗಾಳಿ ಬತ್ತಾ ಅದೆ. ನಾನು ಟೀ ಅಂಗಡಿಯಿಂದ ಬಕೆಟಲ್ಲಿ ನೀರು ಹೊರ್ತಾ ಇದ್ದೀನಿ."

ಹಿಂದುಗಡೆ ಆ ಹೆಂಗಸು ಬೈಯೋದು ನನಗೂ ಕೇಳ್ತಿತ್ತು. ಆ ಸಂಗಮ ಇರೋ ಟಿ. ನರಸೀಪುರ ನನ್ನ ತವರೂರು. ಅದೇ ಸಂಗಮದ ಮೆಟ್ಟಿಲ ಮೇಲೆ ನನ್ನ ಗಂಡ ನನ್ನಿಂದ ತಲೆತಗ್ಗಿಸೋ ಹಾಗಾಯ್ತಲ್ಲ!

ಎರಡನೇ ದಿನ ರಾತ್ರಿ ವಾಪಸ್ ಬಂದವನು ಚಪ್ಪಲಿ ಬಿಡೋ ಮೊದಲೇ ಶುರುಮಾಡಿದ. ಮನೆಯವರೆಲ್ಲ ಊಟಕ್ಕೆ ಕೂತಿದ್ದರು.

"ನಿಜ ಹೇಳು. ತುಂಬಿಸಿದ್ಯೋ ಇಲ್ವೋ?"

"ತುಂಬಿಸ್ದೆ."

"ಮತ್ತೆ ನೀರಿಗೆ ಕಾಲು ಬಂತಾ?"

ಮೈದುನ ನಂಜೇಶ್ ಮುದ್ದೆ ಮುರೀತಾ ಬಾಯಿ ಹಾಕಿದ: "ಅತ್ತಿಗೆ ಫೋನ್ ನೋಡ್ತಾ ನೋಡ್ತಾ ಒಂದೇ ಬಿಂದಿಗೇನ ಎಂಟು ಸಲ ಎಣಿಸಿರ್ಬೇಕು ಕಣಣ್ಣ."

"ನೀನು ಭಾನುವಾರ ಬೈಕು ತೊಳೆದ್ಯಲ್ಲ, ಅದು ಯಾವ ನೀರು ಅಂತ ಹೇಳು ಮೊದ್ಲು!" ಅಂದೆ.

"ಅಯ್ಯೋ, ಬೋರ್ ನೀರು ಕಣತ್ತಿಗೆ. ನಿಮ್ಮ ಕಬಿನಿ ತೀರ್ಥ ಯಾರಿಗೆ ಬೇಕು?"

"ಮಾರ್ಬುಡ್ಲಾ ಆ ಗಾಡಿಯ" ಅಂದರು ಮಾವ.

ನಮ್ಮತ್ತೆ ಪುಟ್ಟಗೌರಮ್ಮ ಮಾತ್ರ ಒಂದು ಮಾತೂ ಆಡಲಿಲ್ಲ. ಯಾವುದಕ್ಕೂ ಮೊದಲು ಬಾಯಿ ಹಾಕೋ ಹೆಂಗಸು, ಅಡುಗೆಮನೆ ಹೊಸಿಲ ಆಚೆ ಒಬ್ಬರೇ ತಟ್ಟೆ ಇಟ್ಟುಕೊಂಡು, ತಲೆ ಎತ್ತದೆ ಉಣ್ತಾ ಇದ್ದರು. ನಾನು ಆವಾಗಲೇ ನೋಡಿಕೊಂಡೆ.

ಮಾರನೇ ದಿನ ಶಿವು ಗಾಡೀನ ನಂಜನಗೂಡಿನ ಮೆಕ್ಯಾನಿಕ್ ಹತ್ತಿರ ತಗೊಂಡು ಹೋದ. ಎಲ್ಲಾದರೂ ಸೋರಲಿ ದೇವರೇ ಅಂತ ನಾನು ಬೇಡಿಕೊಂಡಿದ್ದೆ. ಎಲ್ಲೂ ಸೋರ್ತಿರಲಿಲ್ಲ. ಆ ಹೆಂಗಸು ಫೋನಿನಲ್ಲಿ ನಮಗೆ ಒಂದೇ ಸ್ಟಾರ್ ಕೊಟ್ಟು, "ನೀರಿಲ್ಲದ ಗಾಡಿ, ಮೋಸ" ಅಂತ ಬರೆದಿದ್ದಳು. ಶಿವು ಅದನ್ನ ನನಗೆ ಓದಿ ಹೇಳಲಿಲ್ಲ, ಫೋನು ನನ್ನ ಕಡೆ ತಿರುಗಿಸಿ ಇಟ್ಟು ಹೋದ.

ಅದಾದ ಮೇಲೆ ಒಂದು ದಿನದ ಸಣ್ಣ ಬಾಡಿಗೆ ಬಂತು. ನಾನು ತುಂಬಿಸಿದೆ. ಶಿವು "ನೀರು?" ಅಂತ ಕೇಳಲೇ ಇಲ್ಲ. ಗಾಡಿಯೊಳಗೆ ಹತ್ತಿ, ಲೈಟು ನೋಡಿ, ಕೆಳಗೆ ಬಂದು ಬಾಗಿಲು ಹಾಕಿಕೊಂಡ. ಬೈದಿದ್ದರೆ ತಡಕೋತಿದ್ದೆ. ಅವನು ಹೋದ ಮೇಲೆ ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ.

ಅವತ್ತಿಂದ ನನ್ನ ಕಣ್ಣು ನಮ್ಮತ್ತೆ ಮೇಲೆ. ಈ ಮನೇಲಿ ಹೊತ್ತು ಹುಟ್ಟೋ ಮೊದಲೇ ಏಳೋರು ಅವರೊಬ್ಬರೇ. ಕಬಿನಿ ನೀರು ಕಂಡವರ ಮೈ ತೊಳೆಯೋಕೆ ಹೋಗುತ್ತೆ ಅಂತ ಮೊದಲಿಂದಲೂ ಗೊಣಗೋರೂ ಅವರೇ.

ನೋಡ್ತಾ ಹೋದ ಹಾಗೆ ಒಂದೊಂದೇ ಕಾಣಿಸ್ತು. ಸಾರಿಗೆ ಒಗ್ಗರಣೆ ಇಲ್ಲ. ನಾನು ಬಾಣಲೆ ಇಡೋಕೆ ಹೋದರೆ "ಬುಡವ್ವ, ಎದೆ ಉರಿ ನಂಗೆ" ಅಂತ ಕೈ ಹಿಡಿದರು. ನಮ್ಮ ಮಾವ ಉಪ್ಪು ಒಂದು ಕಲ್ಲು ಕಮ್ಮಿಯಾದರೂ ತಟ್ಟೆ ದೂಡೋ ಮನುಷ್ಯ. ಅವರು ಸಾರು ಬಾಯಿಗಿಟ್ಟು, "ಏನಮ್ಮೀ ಇದು, ಬರೀ ಬೇಯ್ಸಿ ಬುಟ್ಟಿದ್ದೀಯ?" ಅಂದರು.

ಅತ್ತೆ ಅವರ ಮುಖಾನೇ ನೋಡಿದರು. "ಉಣ್ಣಿ" ಅಂದರು, ಅಷ್ಟೇ.

ಮಾವ ತಲೆ ಬಗ್ಗಿಸಿ ಉಂಡರು. ಆಮೇಲೆ ದಿನಾ ಅದೇ ಸಾರು, ಅವರು ತುಟಿ ಬಿಚ್ಚಲಿಲ್ಲ. ಗಂಡ ಹೆಂಡತಿ ಸೇರಿಕೊಂಡು ಏನೋ ನಡೆಸ್ತಿದ್ದಾರೆ ಅಂತ ನನಗೆ ಖಾತ್ರಿಯಾಯ್ತು.

ಸೋಮವಾರ ನಂಜುಂಡೇಶ್ವರನ ಗುಡಿಗೆ ತಪ್ಪಿಸಿದವರಲ್ಲ, ಮಂಡಿನೋವು ಅಂತ ಹೋಗಲಿಲ್ಲ. ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ದೇವರ ಗೂಡಲ್ಲಿ ದೀಪ ಇಲ್ಲ. "ನಾನು ಹಚ್ಚಲಾ?" ಅಂದರೆ, "ಎಣ್ಣೆ ಮುಗ್ದದೆ. ಸಂತೆ ದಿನ ತರ್ಸಿದ್ರಾಯ್ತು" ಅಂದರು. ಅದೇ ದಿನ ರಾಗಿ ಡಬ್ಬ ಸರಿಸಿದರೆ ಅದರ ಹಿಂದೆ ದೀಪದೆಣ್ಣೆ ಬಾಟಲಿ, ಬಾಯಿವರೆಗೂ ತುಂಬಿ ಕೂತಿದೆ!

ನರಸೀಪುರಕ್ಕೆ ಫೋನು ಮಾಡಿ ನಮ್ಮಮ್ಮನಿಗೆ ಹೇಳಿದೆ. "ದೇವರ ದೀಪ ಹಚ್ಚಲ್ಲ, ಎಣ್ಣೆ ಬಚ್ಚಿಡ್ತಾಳೆ ಅಂದ್ರೆ ಒಳ್ಳೇದಲ್ಲ ಕಣೇ" ಅಂತ ಅವಳು ದನಿ ತಗ್ಗಿಸಿದಳು. "ದಿಂಬಿನ ಕೆಳಗೆ ನಿಂಬೆಹಣ್ಣು ಗಿಂಬೆಹಣ್ಣು ಇದೆಯಾ ನೋಡು." ನಾನೂ ಬುದ್ಧಿ ಇಲ್ಲದವಳ ಹಾಗೆ ದಿಂಬು, ಹಾಸಿಗೆ, ಗಾಡಿ ಮಂಚದ ಕೆಳಗೆಲ್ಲ ತಡಕಿದೆ. ನಂಜೇಶನ ಒಂದು ಕಾಲುಚೀಲ ಸಿಕ್ತು.

ಇದೆಲ್ಲ ತಡಕೊಂಡೆ. ತಡಕೊಳ್ಳೋಕೆ ಆಗದೇ ಇದ್ದಿದ್ದು ಪಕ್ಕದ ಮನೆ ನಾಗರತ್ನಳ ಸೀಮಂತದ ದಿನ. ಸೀರೆ ಉಟ್ಟು, ಬಳೆ ಹಾಕಿಕೊಂಡು, ತಟ್ಟೆಗೆ ಅರಿಶಿನ ಕುಂಕುಮ ಇಟ್ಟುಕೊಂಡು ಹೊರಟಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣವ್ವ, ಓಗಬ್ಯಾಡ."

"ಯಾಕೆ?"

"ಬ್ಯಾಡ ಅಂದ್ರೆ ಬ್ಯಾಡ."

"ನನ್ನ ಮಡಿಲು ಇನ್ನೂ ತುಂಬಿಲ್ಲ, ನನ್ನ ಕಣ್ಣು ಬೀಳುತ್ತೆ ಅಂತಾನಾ?"

ಅವರು ಕಣ್ಣುಮುಚ್ಚಿ "ಶಿವಶಿವಾ" ಅಂದರು. ಆದರೆ ಬಾಗಿಲು ಬಿಡಲಿಲ್ಲ. ನಾನು ತಟ್ಟೇನ ನೆಲಕ್ಕೆ ಕುಕ್ಕಿ ಒಳಗೆ ಹೋದೆ, ಕುಂಕುಮ ಪಡಸಾಲೆ ಪೂರ್ತಿ ಚೆಲ್ಲಿತು.

ಸಂಜೆ ಶಿವು ಬಂದಾಗ ಎಲ್ಲ ಹೇಳಿದೆ. ನೀರು ಚೆಲ್ಲಿರೋದೂ ಅವರೇ ಅಂತ ಅಂದುಬಿಟ್ಟೆ. ಅವನು ಶರ್ಟು ಕಳಚ್ತಾ ಇದ್ದವನು ನಿಂತ.

"ನಮ್ಮವ್ವ ನನ್ನ ಗಾಡಿ ನೀರು ಚೆಲ್ತಾಳಾ? ನಿನ್ನ ತಪ್ಪು ಮುಚ್ಕಳಕ್ಕೆ ಇನ್ನು ಯಾರ್ಯಾರ್ನ ಎಳ್ಕೊಂಬರ್ತೀಯ ವಾಣಿ?"

"ಹಾಗಾದ್ರೆ ನಾನು ಸುಳ್ಳಿ."

"ಗುರುವಾರ ತುಮಕೂರಿನೋರು ಬತ್ತಾ ಅವ್ರೆ. ಮೂರು ದಿನ, ಬೆಟ್ಟದ ಮೇಲೆ. ಕಾಲು ಆಡದ ಮುದುಕಮ್ಮ ಒಬ್ರು ಇರ್ತಾರೆ, ನೀರಿಲ್ದಿದ್ರೆ ಅವರ ಗತಿ ಏನು? ನೀರು ನಂಜೇಶ ತುಂಬಿಸ್ಲಿ."

"ನಾನೇ ತುಂಬಿಸ್ತೀನಿ. ಈ ಸಲ ಖಾಲಿಯಾದ್ರೆ ನಿನ್ನ ಗಾಡೀನ ಕೈಯಲ್ಲಿ ಮುಟ್ಟಲ್ಲ, ಸತ್ಯವಾಗ್ಲೂ" ಅಂದೆ. ಅವನು ಬೇಡ ಅನ್ನಲಿಲ್ಲ.

ಬುಧವಾರ ಗಾಡಿಗೆ ಸೋಪು, ಬೆಡ್‌ಶೀಟು ತರೋಕೆ ನಂಜನಗೂಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಭುಜ ಹಿಡಿದು ನಿಲ್ಲಿಸಿದರು. ನನ್ನ ಜೊತೆ ಕಾಲೇಜಿಗೆ ಬರ್ತಿದ್ದ ಬನ್ನೂರಿನ ಶಾಂತಿ.

"ಏನೇ ನೀನು, ನಿಮ್ಮ ದೊಡ್ಡತ್ತೆ ಸಾವಿಗೂ ಬರಲಿಲ್ವಲ್ಲೇ? ಮೂರನೇ ದಿನದ ಹಾಲು ತುಪ್ಪಕ್ಕೂ ನಿಮ್ಮನೆಯವರು ಒಬ್ಬರೂ ಇಲ್ಲ."

"ಯಾವ ದೊಡ್ಡತ್ತೆ?"

"ಸಿದ್ದಲಿಂಗಮ್ಮ ಕಣೇ. ನಿಮ್ಮ ಮಾವನ ಅಣ್ಣನ ಹೆಂಡತಿ. ನಾಳೆ ಹನ್ನೊಂದನೇ ದಿನದ ತಿಥಿ."

ಆ ಹೆಸರು ನಾನು ಮದುವೆಯಾದ ಹೊಸದರಲ್ಲಿ ಒಂದೇ ಸಲ ಕೇಳಿದ್ದು. ಮಾವ ಹುಟ್ಟಿದ್ದು ಬನ್ನೂರಿನಲ್ಲಿ. ನಾಲೆ ನೀರಿನ ಸರದಿಗೆ ಅಣ್ಣ ಶಿವಮಲ್ಲಪ್ಪನವರ ಜೊತೆ ಜಗಳವಾಗಿ, ಗುದ್ದಲಿ ಎತ್ತೋವರೆಗೂ ಹೋಗಿ, ಪಾಲು ಮಾರಿ ಅತ್ತೆಯ ತವರಿನ ಕಡೆ ಬಂದು ನೆಲೆಸಿದವರು. ಬರೋವಾಗ ಅವರ ತಾಯಿ ಮೇಲೆ ಆಣೆ ಇಟ್ಟಿದ್ದರಂತೆ, ಇನ್ನು ಆ ಮನೆಗೂ ನಮಗೂ ಹುಟ್ಟಿಗೂ ಇಲ್ಲ, ಸಾವಿಗೂ ಇಲ್ಲ ಅಂತ. ಅವತ್ತಿಂದ ಆ ಮನೆಯವರ ಹೆಸರೂ ನಮ್ಮಲ್ಲಿ ಎತ್ತೋ ಹಾಗಿಲ್ಲ.

ಬಸ್ಸಲ್ಲಿ ಕೂತು ನೆನಸಿಕೊಂಡೆ. ಒಗ್ಗರಣೆ ಇಲ್ಲ, ತಲೆಗೆ ಎಣ್ಣೆ ಇಲ್ಲ, ದೇವರಿಗೆ ದೀಪ ಇಲ್ಲ, ಗುಡಿ ಇಲ್ಲ, ಸೀಮಂತದ ಮನೆಗೆ ಹೋಗೋ ಹಾಗಿಲ್ಲ. ಅಯ್ಯೋ ಶಿವನೇ, ನಮ್ಮತ್ತೆ ಸೂತಕ ಹಿಡಿದಿದ್ದಾರೆ! ಯಾರಿಗೂ ಹೇಳದೆ, ಮನೆ ಮಂದಿಗೆಲ್ಲ ಸೇರಿಸಿ ಒಬ್ಬರೇ ಹಿಡಿದಿದ್ದಾರೆ. ನಾನು ದಿಂಬಿನ ಕೆಳಗೆ ನಿಂಬೆಹಣ್ಣು ಹುಡುಕಿದೆ.

ಆದರೂ ನೀರಿನ ವಿಷಯ ನನಗೆ ಹೊಳೀಲಿಲ್ಲ. ಗಾಡಿ ಟ್ಯಾಂಕಿಗೂ ಸೂತಕ ಬರುತ್ತೆ ಅಂತ ಯಾರು ತಾನೇ ಅಂದ್ಕೋತಾರೆ?

ಮನೆಗೆ ಬಂದು ಬಾಯಿ ಬಿಡಲಿಲ್ಲ. ಸಂಜೆ ಬಿಂದಿಗೆ ಹಿಡಿದು ನಲ್ಲಿಗೆ ಹೋದೆ. ಒಂದೊಂದೇ ಹೊತ್ತು ತಂದು ಸುರೀತಾ ಇದ್ದೆ. ಅತ್ತೆ ಜಗಲಿ ಮೇಲಿಂದ ನೋಡ್ತಾನೇ ಇದ್ದರು.

"ಇವತ್ಯಾಕವ್ವ ತುಂಬುಸ್ತೀಯ? ನಾಳೆ ತುಂಬುಸ್ಬಾರದಾ?"

"ಬೆಳಗ್ಗೇನೇ ಹೊರಡ್ತಾರೆ ಅತ್ತೆ."

"ಬೆಳಿಗ್ಗೆ ಬ್ಯಾಗ ಎದ್ದು ತುಂಬುಸುದ್ರಾಗದಾ?"

"ಈ ಸಲ ಖಾಲಿಯಾದ್ರೆ ನಿಮ್ಮ ಮಗ ನನ್ನ ಮಾತು ಯಾವತ್ತೂ ನಂಬಲ್ಲ. ಇವತ್ತೇ ತುಂಬಿಸ್ತೀನಿ" ಅಂದೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಒಳಗೆ ಹೋದರು. ತುಂಬಿಸಿ ಮುಗಿಸಿ, ಶಿವೂನ ಕೈ ಹಿಡಿದು ಗಾಡಿ ಹತ್ತಿಸಿ, ನಾಲ್ಕೂ ಲೈಟು ತೋರಿಸಿದೆ. "ಸರಿ" ಅಂದ.

ಬೆಳಗ್ಗೆ ಕೋಳಿ ಕೂಗೋ ಹೊತ್ತಿಗೆ ಎಚ್ಚರವಾಯ್ತು. ಹೊರಗೆ ನೀರು ಬೀಳೋ ಸದ್ದು. ಎದ್ದು ಓಡಿದೆ. ಅಂಗಳ ಆಗಲೇ ಸಗಣಿ ಹಾಕಿ ಸಾರಿಸಿತ್ತು. ಬಚ್ಚಲ ಹಂಡೆ, ಕೊಡಗಳೆಲ್ಲ ಜಗಲಿ ಮೇಲೆ ಬೋರಲು. ನಮ್ಮತ್ತೆ ಗಾಡಿಯ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಟ್ಯಾಂಕು ತೊಳೆಯೋವಾಗ ಶಿವು ತಿರುಗಿಸೋ ಕೆಳಗಿನ ತಿರುಪು ಅವರ ಕೈಯಲ್ಲಿದೆ. ನಾನು ಹೊತ್ತ ನೀರೆಲ್ಲ ತೆಂಗಿನ ಪಾತಿಗೆ ಹರೀತಾ ಇದೆ.

"ಅತ್ತೆ!"

ಅವರು ಬೆಚ್ಚಿ ನೋಡಿದರು, ಕೈ ಮಾತ್ರ ತೆಗೀಲಿಲ್ಲ.

"ಸೂತಕದ ನೀರು ಕಣವ್ವ. ಇದ್ನ ಕಂಡೋರ ಮನೆ ಮುದುಕಮ್ಮಂಗೆ ಕೊಟ್ಟು ಕಳ್ಸಾದಾ?"

"ಗಾಡಿ ನೀರಿಗೆ ಎಂಥ ಸೂತಕ?"

"ಮನೆ ಮುಂದೆ ನಿಂತದೆ, ಒಳಗೆ ಮಂಚ ಅದೆ, ಒಲೆ ಅದೆ. ಮನೆಯಲ್ವಾ ಅದು? ಅಂಡೆ ನೀರು ಚೆಲ್ಲಿ ಇದ್ನ ಎಂಗೆ ಬುಡ್ಲಿ?" ಅಂದರು. "ಅವತ್ತು ಸುದ್ದಿ ಬಂದಾಗ್ಲೂ ಎಲ್ಲ ಚೆಲ್ದೆ. ಇವತ್ತು ಹನ್ನೊಂದು, ಸೂತಕ ಕಳ್ಯೋ ದಿನ, ಈ ಎರಡು ದಿನ ಮಾತ್ರ ತುಂಬಿಟ್ಟ ನೀರು ಚೆಲ್ಲೇಬೇಕು."

ಆವತ್ತೂ ಹಂಡೆ ಬೋರಲಾಗಿದ್ದು ನನಗೆ ಆಗ ನೆನಪಾಯ್ತು. ತೊಳೆಯೋಕೆ ಇಟ್ಟಿದ್ದಾರೆ ಅಂದುಕೊಂಡು ನಾನೇ ದಾಟಿಕೊಂಡು ಹೋಗಿದ್ದೆ.

"ನನ್ನ ಮಾತು ಹೋಯ್ತಲ್ಲ ಅತ್ತೆ! ನನ್ನನ್ನ ಸುಳ್ಳಿ ಅಂದಾಗ ಹೊಸಿಲಾಚೆ ಕೂತು ಉಣ್ತಿದ್ರಲ್ಲ ನೀವು!"

"ಗೊತ್ತು ಕಣವ್ವ." ಅವರ ಕಣ್ಣು ತುಂಬಿತ್ತು. "ಅವತ್ತು ಬೆಳಕರಿಯಾ ಮುಂಚೆ ಕೊಟ್ಟಿಗೇಲಿದ್ದಾಗ ಫೋನ್ ಬಂತು. ನಿಮ್ಮಾವ ಯಾರಿಗೂ ಯೋಳಬ್ಯಾಡ, ನಮಗೇನೂ ಇಲ್ಲ ಅಂದ್ರು. ಆಣೆ ಇಟ್ಟವ್ರಲ್ಲ. ನಂಗೆ ಎಂಗವ್ವ ಏನೂ ಇಲ್ಲ? ನಾನು ಆ ಮನೆಗೆ ಬಂದಾಗ ಎರಡು ಬಿಂದಿಗೆ ಒರಕ್ಕೆ ಬತ್ತಿರ್ನಿಲ್ಲ, ದಾರೀಲೆಲ್ಲ ಚೆಲ್ಕತಿದ್ದೆ. ನಮ್ಮತ್ತೆ ಒಡೀತಾರೆ ಅಂತ ನಮ್ಮ ಸಿದ್ದಲಿಂಗಕ್ಕ ಬೀದಿ ತಿರುವಿನ ತಂಕ ನನ್ನ ಬಿಂದಿಗೇನೂ ಅವಳೇ ಒತ್ಕ ಬಂದು, ಮನೆ ಕಾಣೋ ಒತ್ಗೆ ನನ್ ಸೊಂಟಕ್ಕೆ ಮಡಗೋಳು. ಅಂಗೆ ನೋಡ್ಕಂಡ್ಳು. ಅವಳ ಮಕ ನೋಡಕ್ಕೂ ಓಗ್ನಿಲ್ಲ ನಾನು."

ಅಷ್ಟರಲ್ಲಿ ಶಿವು ಹಲ್ಲುಜ್ಜುತ್ತಾ ಬಂದ. ನೆಲ ಒದ್ದೆ ನೋಡಿದ, ಗಾಡಿಯೊಳಗೆ ಇಣುಕಿದ. ಬ್ರಷ್ ಬಿಸಾಕಿದ.

"ಮತ್ತೆ ಖಾಲಿ! ಏನು ಮಾಡ್ತಿದ್ದೀಯ ನೀನು? ನನ್ನ ಹೊಟ್ಟೆ ಮೇಲೆ ಹೊಡಿಬೇಕು ಅಂತಾನೇ ಇದ್ದೀಯಾ?"

ನಾನು ಅತ್ತೆ ಮುಖ ನೋಡಿದೆ. ಅವರು ಸೀರೆ ಕೊಡವಿಕೊಂಡು ಎದ್ದು ನನ್ನ ಮುಂದೆ ಬಂದು ನಿಂತರು.

"ಅವಳ್ನ ಅನ್ಬ್ಯಾಡ ಕಣ್ಲಾ. ಚೆಲ್ಲಿದ್ದು ನಾನು. ಅವತ್ತೂ ನಾನೇ."

"ನೀನಾ? ಯಾಕವ್ವ?"

ಅತ್ತೆ ಜಗಲಿ ಕಡೆ ನೋಡಿದರು. ಮಾವ ಅಲ್ಲಿ ಕಂಬ ಹಿಡಿದು ನಿಂತಿದ್ದರು, ಯಾವಾಗ ಬಂದರೋ. ನಂಜೇಶ ಕಣ್ಣುಜ್ಜಿಕೊಂಡು ಬಾಗಿಲಿಗೆ ಬಂದವನು ಅಲ್ಲೇ ನಿಂತ.

"ಬನ್ನೂರಿನ ನಮ್ಮತ್ತಿಗೆ ಓಗ್ಬುಟ್ಳು ಕಣ್ಲಾ ಶಿವಾ" ಅಂದರು ಮಾವ. "ಅದ್ಕೆ ನೀರು ಚೆಲ್ಲವ್ಳೆ ನಿಮ್ಮವ್ವ. ಚೆಲ್ಬೇಕಾಗಿತ್ತು."

ನಾನು ಬಿಂದಿಗೆ ತಗೊಂಡು ನಲ್ಲಿಗೆ ಹೋದೆ. ತುಮಕೂರಿನವರು ಕಾಯ್ತಿರ್ತಾರೆ, ಗಾಡಿಗೆ ನೀರು ಬೇಕಲ್ಲ. ಮೊದಲ ಬಿಂದಿಗೆ ತಂದು ಸ್ಟೂಲ್ ಹತ್ತೋವಾಗ ಮಾವ ಕೂಗಿದರು.

"ಅವ್ವಾ, ಒಸ ನೀರಾ ಅದು?"

"ಹೂಂ ಮಾವ."

"ಟ್ಯಾಂಕಿಗೆ ಉಯ್ಬ್ಯಾಡ. ಇಲ್ಲಿ ತತ್ತಾ."

ನಾನು ಇಳಿದು ತಂದೆ. ಅವರು ಶರ್ಟು ಬನಿಯನ್ನು ಕಳಚಿ ಕಂಬಕ್ಕೆ ನೇತುಹಾಕಿ, ಅಂಗಳದ ಬಟ್ಟೆ ಒಗೆಯೋ ಕಲ್ಲಿನ ಮೇಲೆ, ಬೀದಿಯಲ್ಲಿ ಹೋಗೋರಿಗೆಲ್ಲ ಕಾಣೋ ಹಾಗೆ, ಮೊಣಕಾಲು ಮಡಚಿ ಕೂತರು. ಅತ್ತೆ ನನ್ನ ಕೈಯಿಂದ ಬಿಂದಿಗೆ ಇಸಕೊಂಡರು. ನಾನೂ ಕೆಳಗೆ ಒಂದು ಕೈ ಕೊಟ್ಟೆ.

"ಉಯ್ಯಿ" ಅಂದರು ಮಾವ.

ಇಬ್ಬರೂ ಸೇರಿ ತಲೆ ಮೇಲೆ ಸುರಿದೆವು. ತಣ್ಣೀರಿಗೆ ಅವರ ಮೈ ಜುಂ ಅಂದಿದ್ದು ಕಾಣಿಸ್ತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಎಷ್ಟೋ ಹೊತ್ತು ಕೂತಿದ್ದರು. ಆಮೇಲೆ ಕೈ ತೆಗೆದು, "ಏನಮ್ಮೀ, ಮಧ್ಯಾನಕ್ಕೆ ಬನ್ನೂರು ಬಸ್ಸು ಎಷ್ಟೊತ್ಗೆ?" ಅಂತ ಅತ್ತೇನ ಕೇಳಿದರು.

ಉಳಿದ ಬಿಂದಿಗೆ ಶಿವುನೂ ನಂಜೇಶನೂ ಹೊತ್ತರು. ನಾನು ಸ್ಟೂಲ್ ಮೇಲೆ ನಿಂತು ಸೋಸಿ ಸೋಸಿ ಸುರಿದೆ. ಮುಚ್ಚಳ ಬಿಗಿಮಾಡಿ ಇಳಿಯೋ ಹೊತ್ತಿಗೆ ಶಿವು ಕೈ ಒರೆಸಿಕೊಂಡು ಸ್ಟೀರಿಂಗ್ ಹಿಂದೆ ಹತ್ತಿ ಕೂತಿದ್ದ. ಲೈಟು ಅವನ ಬೆನ್ನ ಹಿಂದೆಯೇ ಇತ್ತು, ತಿರುಗಿ ನೋಡಿದರೆ ಸಾಕಿತ್ತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಕಡೆ ನೋಡಿದ.

"ನೀರು?"

"ತುಂಬಿದೆ" ಅಂದೆ.

ಗಾಡಿ ಸ್ಟಾರ್ಟ್ ಮಾಡಿದ.